ತಾರೀಕು ಮುಗಿದ ಕಾರ್ಡು

ರುವಿಂಬೊ ನನ್ನ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತು ಕೋಣೆ ಕೇಳಿದಳು. ಪಕ್ಕದಲ್ಲೇ ಎರಡು ಕುರ್ಚಿ ಖಾಲಿ ಇದ್ದವು. ದೊಡ್ಡವರ ಹತ್ತಿರ ಏನಾದರೂ ಕೇಳುವಾಗ ಜಿಂಬಾಬ್ವೆಯವರು ಹಾಗೇ ಕೂರುತ್ತಾರಂತೆ, ತಲೆ ಎತ್ತಿ ಮುಖ ನೋಡುವುದಿಲ್ಲವಂತೆ. ನಾನು ಜಮೈಕಾದವಳು. ಕಣ್ಣು ತಪ್ಪಿಸಿ ಮಾತಾಡುವವರು ಏನನ್ನೋ ಬಚ್ಚಿಟ್ಟಿದ್ದಾರೆ ಎಂದೇ ನಮ್ಮಮ್ಮ ಕಲಿಸಿದ್ದು.

"ಗೋಗೊ, ಮೇಲಿನ ಕೋಣೆ ಖಾಲಿ ಇದೆಯಲ್ಲ, ನಂಗೆ ಕೊಡ್ತೀರಾ? ಶುಕ್ರವಾರ ನಾನು ಮನೆ ಬಿಡ್ಬೇಕು."

"ಅಜ್ಜಿ ಅಂತ ಕರೀಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ವಯಸ್ಸಾಗಿರೋದು ನನ್ನ ಮೊಣಕಾಲಿಗೆ ಮಾತ್ರ. ಎದ್ದು ಕುರ್ಚೀಲಿ ಕೂತ್ಕೊ."

ಅವಳು ಏಳಲಿಲ್ಲ.

ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಆರೂವರೆಗೆ ಬಂದು ನನ್ನ ತಮ್ಮ ಎವೆರಾಲ್ಡ್‌ನ ಮೈ ತೊಳೆದು, ಬಟ್ಟೆ ಹಾಕಿ, ಗಂಜಿ ಕುಡಿಸುತ್ತಿದ್ದವಳು ಅವಳೇ, ಆರೈಕೆ ಕಂಪನಿಯೊಂದರ ಕಡೆಯಿಂದ. ಲಕ್ವ ಹೊಡೆದು ಅವನ ಅರ್ಧ ಮೈ ಹೋಗಿದೆ, ಮಾತು ಬಂದರೂ ಮೂರೋ ನಾಲ್ಕೋ. ನಮ್ಮ ದ್ವೀಪದ ಮೆಕ್ಕೆಜೋಳದ ಗಂಜಿಯೂ ಅವರೂರಿನ ಗಂಜಿಯೂ ಹೆಚ್ಚುಕಮ್ಮಿ ಒಂದೇ. ನಾನು ಮಾಡಿದರೆ ಗಂಟು ಎಂದು ಮುಖ ತಿರುಗಿಸುವವನು ಅವಳು ಮಾಡಿದ್ದನ್ನು ಬಟ್ಟಲು ನೆಕ್ಕುವಷ್ಟು ತಿನ್ನುತ್ತಿದ್ದ.

ಬೆಳಿಗ್ಗೆ ಆರೂವರೆಗೆ ಬರಬೇಕೆಂದರೆ ಅವಳು ಇಲ್ಲೇ ನಮ್ಮ ಬಡಾವಣೆ ಹ್ಯಾಂಡ್ಸ್‌ವರ್ತ್‌ನಲ್ಲಿ ಇರಬೇಕು, ದೂರದಿಂದ ಆಗ ಬಸ್ಸಿಲ್ಲ. ಕೆಲಸ ತಪ್ಪಿದರೆ ವೀಸಾವೂ ತಪ್ಪಿತು. ಅರವತ್ತು ದಿನದೊಳಗೆ ಕೆಲಸ ಕೊಡುವ ಇನ್ನೊಬ್ಬ ಯಜಮಾನ ಸಿಗಬೇಕು, ಇಲ್ಲವೇ ದೇಶ ಬಿಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಸುಳ್ಳು ಹೇಳುವುದಿಲ್ಲ.

"ಕಾಗದ ತೋರ್ಸು ಮಗಳೇ. ಕೋಣೆ ಕೊಡೋರು ಪೊಲೀಸ್ ಕೆಲ್ಸಾನೂ ಮಾಡ್ಬೇಕಂತೆ ಈ ದೇಶದಲ್ಲಿ. ಇಲ್ದಿದ್ರೆ ನಂಗೇ ದಂಡ."

ಈ ದೇಶದಲ್ಲಿರಲು ಸರ್ಕಾರ ಕೊಟ್ಟ ಅನುಮತಿಯ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟಳು. ಕನ್ನಡಕ ಹಾಕಿಕೊಂಡು ನೋಡಿದೆ. ಡಿಸೆಂಬರ್ ಮೂವತ್ತೊಂದಕ್ಕೆ ಮುಗಿದಿತ್ತು. ನಾವಾಗಲೇ ಜನವರಿ ಮಧ್ಯದಲ್ಲಿದ್ದೆವು.

"ಇದು ಸತ್ತು ಎರಡು ವಾರ ಆಯ್ತಲ್ಲೇ!"

"ಎಷ್ಟೋ ಜನರ ಕಾರ್ಡಲ್ಲೂ ಅದೇ ತಾರೀಕು, ಗೋಗೊ. ಸರ್ಕಾರ ಕಾರ್ಡನ್ನೇ ನಿಲ್ಲಿಸ್ಬಿಡ್ತು. ನನ್ನ ವೀಸಾ ಇನ್ನೂ ಎರಡು ವರ್ಷ ಇದೆ. ಎಲ್ಲಾ ಸರ್ಕಾರದ ಕಂಪ್ಯೂಟರಲ್ಲಿದೆ. ಈಗಿನ ಓನರ್‌ಗೂ ಹೇಳಿದೆ, ಅವ್ನು ನಂಬ್ಲಿಲ್ಲ." ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. "ನನ್ನ ಹುಟ್ಟಿದ ತಾರೀಕೂ ಈ ಕೋಡೂ ಹಾಕಿ ನೋಡಿ, ಬರುತ್ತೆ."

"ಯಾರ್ ಬೇಕಾದ್ರೂ ಚೀಟಿ ಬರೀಬಹುದು. ನನ್ನ ಮುಖ ನೋಡಿ ಹೇಳು."

ಅವಳು ತಲೆಯನ್ನು ಇನ್ನೂ ತಗ್ಗಿಸಿದಳು.

ಗೋಡೆಯಾಚೆಯಿಂದ ಎವೆರಾಲ್ಡ್ ನನ್ನ ಹೆಸರು ಹಿಡಿದು ಕೂಗಿದ. "ಐಸಿ! ಕೊಡೇ!"

"ನೀನು ಸುಮ್ನಿರು!" ಎಂದೆ.

ಕಾಗದದ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಮ್ಮನ ಪಾಸ್‌ಪೋರ್ಟಿನಲ್ಲಿ ಹೆಸರು ಬರೆಸಿಕೊಂಡು ಒಂಬತ್ತು ವರ್ಷಕ್ಕೇ ಬಂದವನು. ಐವತ್ತು ವರ್ಷ ಇಲ್ಲೇ ಬದುಕಿ ದುಡಿದ ಮೇಲೆ, ಒಂದೊಂದು ವರ್ಷಕ್ಕೂ ಪುರಾವೆ ಕೊಡು ಎಂದರು ಸರ್ಕಾರದವರು. ಇರಲಿಲ್ಲ. ಮನೆ ಮಾಲೀಕ ಅವನ ಸಾಮಾನನ್ನು ಬೀದಿಗಿಟ್ಟ. ಇಲ್ಲಿಗೆ ಬಾ ಎಂದರೆ ಬರಲು ಮರ್ಯಾದೆ ಅಡ್ಡ ಬಂತು. ಏಳು ತಿಂಗಳು ಗೆಳೆಯನ ವ್ಯಾನಿನಲ್ಲಿ ಮಲಗಿದ, ಅಲ್ಲೇ ಲಕ್ವ ಹೊಡೆಯಿತು. ನಂತರ ಸರ್ಕಾರ ಕ್ಷಮೆ ಕೇಳಿ ಒಂದು ಪತ್ರ ಕಳಿಸಿತು. ಅದನ್ನೂ ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ, ನನ್ನ ಎಲ್ಲ ಕಾಗದಗಳ ಜೊತೆ. ಅಂದಿನಿಂದ ಕೈಯಲ್ಲಿ ಹಿಡಿಯಲಾಗದ ಯಾವುದನ್ನೂ ನಾನು ನಂಬಿದ್ದಿಲ್ಲ.

ಈ ಮನೆಯೂ ಸುಮ್ಮನೆ ಬಂದದ್ದಲ್ಲ. ಕರಿಯರಿಗೆ ಕೋಣೆ ಇಲ್ಲ ಎಂದು ಕಿಟಕಿಗಳಲ್ಲಿ ಬೋರ್ಡು ನೇತುಹಾಕಿದ್ದ ಕಾಲದಲ್ಲಿ ನಮ್ಮವರೆಲ್ಲ ಸೇರಿ ಚೀಟಿ ಹಾಕಿ ಕೊಂಡದ್ದು. ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬಾರದೆಂದು ಅಪ್ಪ ನಮಗೆ ಮಾಡಿಕೊಟ್ಟ ಬಾಗಿಲು. ಆ ಬಾಗಿಲನ್ನು ನಾನೇ ತೆರೆದು ಹಿಡಿದುಕೊಂಡು, "ಹೊಸ ಕಾರ್ಡ್ ತಗೊಂಡ್ ಬಾ, ಆಮೇಲೆ ನೋಡೋಣ" ಎಂದೆ.

"ಹೊಸ ಕಾರ್ಡೇ ಇಲ್ಲ, ಗೋಗೊ," ಎಂದಳು. ಹೋಗುವ ಮೊದಲು ಗಂಜಿಯ ಪಾತ್ರೆ ತೊಳೆದು ಕವುಚಿಟ್ಟಳು.

ಭಾನುವಾರ ಚರ್ಚಿನಿಂದ ನನ್ನ ಜೊತೆ ಮನೆಗೆ ಬಂದ ತಂಗಿಮಗಳು ಶರ್ಮೇನ್ ಮೇಜಿನ ಮೇಲಿದ್ದ ಚೀಟಿ ನೋಡಿದಳು. ಫೋನಿನಲ್ಲಿ ಆ ಕೋಡೂ ತಾರೀಕೂ ಒತ್ತಿದಳು, ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ರುವಿಂಬೊಳ ಫೋಟೊ ಬಂತು. ಸರ್ಕಾರದ ಮುಂದೆ ಅವಳು ಕಣ್ಣೆತ್ತಿ ನೇರ ನೋಡಿದ್ದಳು. ಕೆಳಗೆ, ಇವರಿಗೆ ಬಾಡಿಗೆಗೆ ಇರಲು ಅನುಮತಿ ಇದೆ ಎಂದಿತ್ತು, ೨೦೨೭ರ ತನಕ.

"ಇಷ್ಟೇನಾ?" ಎಂದೆ.

"ಇಷ್ಟೇ, ದೊಡ್ಡಮ್ಮ. ಯಾಕೆ?"

ರುವಿಂಬೊಗೆ ಫೋನ್ ಮಾಡಿದೆ. ಅವಳು ದೂರದ ಲೆಸ್ಟರ್‌ನಲ್ಲಿದ್ದಳು, ಯಾರದೋ ಮನೆಯ ಸೋಫಾದ ಮೇಲೆ. ಶನಿವಾರ ಬೆಳಗಿನ ಪಾಳಿ ತಪ್ಪಿತ್ತು, ಕಂಪನಿ ಅಂದೇ ಕೈಬಿಟ್ಟಿತ್ತು. "ಬಾ ಮಗಳೇ, ಕೋಣೆ ನಿಂದೇ," ಎಂದೆ. "ಈಗ ಅಲ್ಲಿಗೆ ಬಂದು ಏನ್ ಮಾಡ್ಲಿ, ಗೋಗೊ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಸೋಮವಾರವೂ ಗಂಜಿ ನಾನೇ ಮಾಡಿದೆ. ಎವೆರಾಲ್ಡ್ ಚಮಚ ನೋಡಿದ, ನನ್ನನ್ನು ನೋಡಿದ.

"ಅವಳ್ಹತ್ರ... ಕಾಗದ ಇರ್ಲಿಲ್ವಾ?"

"ಇತ್ತು ಕಣೋ," ಎಂದೆ. "ನಾನು ನೋಡ್ಲಿಲ್ಲ."

ಮಾತು ಕೂಡಿಸಿಕೊಳ್ಳಲು ಅವನಿಗೆ ಹೊತ್ತು ಬೇಕು.

"ನನ್ನ ಓನರ್ರೂ... ಕಾಗದ ತಗೊಂಡ್ ಬಾ ಅಂದಿದ್ದ," ಎಂದು ಹೇಳಿ ಬಾಯಿ ಮುಚ್ಚಿಕೊಂಡ. ಚಮಚಕ್ಕೆ ಮತ್ತೆ ತೆರೆಯಲಿಲ್ಲ.