ಹಾಲು ಬತ್ತಿಸಿದ ಮಲ್ಲಿಗೆ

ಗದಗಿನ ಸಭಾಂಗಣದಲ್ಲಿ ನನ್ನ ಗಂಡ ಸುಭಾಷನ ಹನ್ನೆರಡು ಚಿತ್ರಗಳನ್ನು ತೂಗುಹಾಕಿದ್ದರು. ಹನ್ನೆರಡರಲ್ಲೂ ನಾನೇ. ರೊಟ್ಟಿ ಬಡಿಯುವ ನೀಲಾ, ತಲೆ ಬಾಚಿಕೊಳ್ಳುವ ನೀಲಾ, ಕಸಬರಿಗೆ ಹಿಡಿದ ನೀಲಾ. ಹಳ್ಳಿ ಶಾಲೆಯ ಡ್ರಾಯಿಂಗ್ ಮಾಸ್ತರನಿಗೆ ಪುಕ್ಕಟೆ ಕೂರುವ ಹೆಂಗಸು ಬೇರೆ ಯಾರು ಸಿಕ್ಕಾಳು? ಹನ್ನೊಂದರ ಬಗ್ಗೆ ನನ್ನ ತಕರಾರಿಲ್ಲ. ಕೊನೆಯದರ ಮಾತು ಬೇರೆ.

ಅದರಲ್ಲಿ ನಾನು ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿದ್ದೇನೆ. ಸೆರಗು ಜಾರಿದೆ, ಕುಬಸದೊಳಗಿಂದ ಮಲ್ಲಿಗೆ ಮಾಲೆ ಇಣುಕುತ್ತಿದೆ. ನಮ್ಮ ಕೂಸು ಒಂಬತ್ತು ದಿನ ಬದುಕಿ ಹೋಗಿತ್ತು. ಹಾಲಿಗೇನು ಗೊತ್ತು, ಅದು ಇಳಿಯುತ್ತಲೇ ಇತ್ತು. ಬತ್ತಲೆಂದು ಅತ್ತೆ ಕಳಕವ್ವ ಮೂರು ದಿನ ಎದೆಗೆ ಮಲ್ಲಿಗೆ ಕಟ್ಟಿದರು. ಮುಂಡರಗಿಯಿಂದ ಹೂವು ತಂದವನು ಸುಭಾಷನೇ. ತಂದುಕೊಟ್ಟು, ಹೊಸ್ತಿಲ ಮೇಲೆ ಕುಳಿತು ಚಿತ್ರ ಬರೆದವನೂ ಅವನೇ.

ಪ್ರದರ್ಶನಕ್ಕೆ ಅದನ್ನೂ ಒಯ್ಯುತ್ತೇನೆಂದಾಗ ಜಗಳವೇ ಆಯಿತು. ಕೊನೆಗೆ ನಾನೇ ಸೋತೆ.

"ಹಾಕ್ರಿ. ಆದ್ರ ಹೂವು ಯಾಕ ಕಟ್ಟಿದ್ದು ಅಂತ ಎಲ್ಲಾರ ಮುಂದ ಹೇಳಬೇಕು. ಕೂಸಿಂದು ಒಂದು ಫೋಟೋ ಸೈತ ಇಲ್ಲ. ಇದರಾಗರ ಇರಲಿ."

"ಆತು, ಹೇಳ್ತೀನಿ," ಎಂದಿದ್ದ.

ಅವತ್ತು ಅತಿಥಿಯಾಗಿ ಬಂದವರು ಅಂದಾನಪ್ಪ ಎಂಬ ನಿವೃತ್ತ ಪ್ರೊಫೆಸರು. ಸುಭಾಷನಿಗೆ ಶಾಲು ಹೊದಿಸಿ, ಮೈಕು ಹಿಡಿದುಕೊಂಡು ಒಂದೊಂದೇ ಚಿತ್ರದ ಒಳಾರ್ಥ ಬಿಡಿಸತೊಡಗಿದರು. ಕೊನೆಯದರ ಮುಂದೆ ನಿಂತು ಕಣ್ಣು ಮುಚ್ಚಿಕೊಂಡರು. ಮಲ್ಲಿಗೆ ಎಂದರೆ ಶೃಂಗಾರವಂತೆ. ಜಾರಿದ ಸೆರಗು ಆಹ್ವಾನವಂತೆ. ಪಕ್ಕದಲ್ಲಿ ಬೋರಲು ಹಾಕಿದ ತಂಬಿಗೆ ತೀರದ ದಾಹವಂತೆ. ಅಯ್ಯ ಶಿವನೇ! ತೊಳೆದ ತಂಬಿಗೆಯನ್ನು ಬೋರಲು ಹಾಕದೆ ತಲೆಯ ಮೇಲೆ ಇಟ್ಟುಕೊಳ್ಳಬೇಕಿತ್ತೇ?

"ಗಂಡನ ದಾರಿ ಕಾಯೂ ಹೆಣ್ಣು. ಹೌದಿಲ್ರಿ ಮಾಸ್ತರ?"

ಸುಭಾಷ ನನ್ನತ್ತ ನೋಡಿದ. ಈಗ ಹೇಳುತ್ತಾನೆ ಎಂದುಕೊಂಡೆ. ಅವನು ಕೈ ಮುಗಿದ.

"ಹೌದ್ರಿ ಸರ್. ಬರೋಬ್ಬರಿ ಹಿಡದ್ರಿ ನೋಡ್ರಿ."

ಚಪ್ಪಾಳೆ ಬಿತ್ತು. ಕೂಸನ್ನು ಎರಡನೇ ಸಲ ಮಣ್ಣು ಮಾಡಿದ್ದ ಪುಣ್ಯಾತ್ಮ.

ಚಹಾ ಹಂಚುತ್ತಿದ್ದ ಮುದುಕಿ ಸಿದ್ದಲಿಂಗವ್ವ ತಟ್ಟೆ ಹಿಡಿದುಕೊಂಡೇ ಆ ಚಿತ್ರದ ಮುಂದೆ ನಿಂತುಬಿಟ್ಟಳು. ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. ತಟ್ಟೆ ಕೆಳಗಿಟ್ಟು ನನ್ನ ಕೈ ಹಿಡಿದಳು.

"ಎಷ್ಟ ದಿನದ್ದಿತ್ತವ್ವಾ?"

ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಇನ್ನೊಂದು ಆಗುತ್ತದೆ ಬಿಡು ಎಂದವರೇ ಎಲ್ಲ.

"ಒಂಬತ್ತು."

"ಗಂಡೋ, ಹೆಣ್ಣೋ?"

"ಹೆಣ್ಣು," ಎಂದೆ. ಇಡೀ ಸಭಾಂಗಣಕ್ಕೆ ಕೇಳಲೆಂದೇ ಗಟ್ಟಿಯಾಗಿ ಅಂದೆ. "ಹಾಲು ಬತ್ತಲಿ ಅಂತ ಕಟ್ಟಿದ ಹೂವು ಅವು. ತಂದವ್ರು ಅದರಪ್ಪ. ಅಗೋ, ಶಾಲು ಹೊತ್ಕೊಂಡು ನಿಂತಾರ ನೋಡ್ರಿ."

ಅಂದಾನಪ್ಪನವರು ಮೈಕು ಕೆಳಗಿಳಿಸಿದರು. ಹೆಂಗಸರು ಚಿತ್ರದ ಹತ್ತಿರ ಬಂದರು. ಸುಭಾಷ ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದ.

"ಮಂದಿ ಮುಂದ ನನ್ನ ಮರ್ಯಾದಿ ತಗದಿ ನೀಲಾ," ಎಂದ.

ಕೂಸು ಹೋದ ದಿನ ಒಂದು ಹನಿ ಕಣ್ಣೀರು ಹಾಕದ ಮನುಷ್ಯ, ಶಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.