ನೆಟ್ಟಗೆ ಓಡದ ಇಂಪಾಲಾ

ಅಜ್ಜನ ಹಳೆಯ ಇಂಪಾಲಾ ಕಾರು ಈ ವಸಂತದಲ್ಲಿ ನೆಟ್ಟಗೆ ಓಡಲೇ ಇಲ್ಲ.

ಚಳಿಗಾಲವಿಡೀ ಕೂತು ಅಜ್ಜ ಅದರ ಸ್ಟೇರಿಂಗ್ ಕಿತ್ತು, ಗುಜರಿಯಲ್ಲಿ ಸಿಕ್ಕ ಈಚಿನ ಕಾರೊಂದರ ಪವರ್ ಸ್ಟೇರಿಂಗ್ ಕೂರಿಸಿದ್ದ. ಭುಜದಲ್ಲಿ ಮೊದಲಿನ ಕಸುವಿಲ್ಲ, ಬೆರಳಲ್ಲೇ ತಿರುಗಬೇಕೆಂಬ ಆಸೆ. ತಿರುಗಿತು, ಆದರೆ ಅತಿಯಾಗಿ. ಮುಟ್ಟಿದರೆ ಸಾಕು, ಕಾರು ಎಡಕ್ಕೂ ಬಲಕ್ಕೂ ಮೂತಿ ಆಡಿಸುತ್ತಿತ್ತು. ಸಾಲದ್ದಕ್ಕೆ ಹಳೆಯದೇ ಉಳಿಸಿಕೊಂಡ ಆ ಸ್ಟೇರಿಂಗ್ ಚಕ್ರ. ನಮ್ಮೂರು ಎಸ್ಪನ್ಯೋಲಾದಲ್ಲಿ ನೆಲ ಸವರುವ ಹಾಗೆ ಕಾರು ತಗ್ಗಿಸಿಕೊಂಡವರೆಲ್ಲ ಹಾಕುವಂಥದು, ಸರಪಳಿಯ ಕೊಂಡಿಗಳನ್ನು ಬೆಸೆದು ಮಾಡಿದ್ದು, ಊಟದ ತಟ್ಟೆಯಷ್ಟೇ ಅಗಲ. ಅಜ್ಜ ಮದುವೆಯಾದ ವರ್ಷ ಬಾವಿಯ ಸರಪಳಿಯಿಂದ ತಾನೇ ಬೆಸೆದದ್ದು.

ಈಸ್ಟರ್ ಭಾನುವಾರ ಊರಿನ ಕಾರುಗಳೆಲ್ಲ ಸಾಲಾಗಿ, ಮೆಲ್ಲಗೆ, ಮೆರೆಯುತ್ತ ಹೋಗುತ್ತವೆ. ಎಲ್ಲಕ್ಕಿಂತ ಮುಂದಿನ ಕಾರು ಯಾವಾಗಲೂ ಅಜ್ಜನದು.

"ಲೋ ಸೆಲೆದೋನಿಯೋ, ಕುಡಿದೋನ ಹಂಗೆ ಓಡಿಸ್ತೀಯಲ್ಲೋ!" ಅಂದ ಅಜ್ಜನ ಗೆಳೆಯ ಉಬಾಲ್ದೋ, ಬೇಲಿಯಾಚೆಯಿಂದ. "ಆ ಚಿಲ್ಟಾರಿ ಚಕ್ರ ಬಿಸಾಕಿ ದೊಡ್ಡದು ಹಾಕು."

"ನಾನೇನು ಬಸ್ ಓಡಿಸ್ತೀನೇನೋ?"

"ಹಂಗಾದ್ರೆ ಪಾದ್ರಿ ಹತ್ರ ಹೋಗಿ ಕಾರಿಗೆ ಮಂತ್ರಿಸಿದ ನೀರು ಚಿಮುಕಿಸ್ಕೊಂಡು ಬಾ."

ಸ್ಟೇರಿಂಗನ್ನು ಹಗುರಗೊಳಿಸುವ ಎಣ್ಣೆಯ ಒತ್ತಡ ತಗ್ಗಿಸಲು ಅಜ್ಜ ಪಂಪಿನೊಳಗೆ ತೆಳ್ಳನೆಯ ವಾಷರ್ ಹಾಕಿದ. ಕಾರು ಮೊದಲಿನ ಹಾಗೇ ನಡುಗಿತು. ಇನ್ನೂ ಹಾಕಿದ. ಈಗ ಚಕ್ರ ಕಲ್ಲಿನಂತಾಯಿತು. ಗೇಟು ದಾಟುವಷ್ಟರಲ್ಲಿ ಅಜ್ಜ ಸುಸ್ತಾಗಿ ಸರಪಳಿಯ ಮೇಲೆ ಹಣೆಯಿಟ್ಟ. ಮತ್ತೆ ತೆಗೆದ. ಮತ್ತೆ ನಡುಕ.

ಅಜ್ಜಿ ಬೆರ್ಸಬೆ ಇದ್ದಾಗ ಒಂದು ಕುದುರೆಯ ಕಥೆ ಹೇಳುತ್ತಿದ್ದಳು. ಸವಾರ ಬಾಯಿ ಬಿಡುವ ಮೊದಲೇ ಅವನ ಮನಸ್ಸು ಅದಕ್ಕೆ ತಿಳಿಯುತ್ತಿತ್ತಂತೆ. ಒಂದು ದಿನ ಸವಾರನಿಗೆ ಹಳ್ಳ ಕಂಡು ಹೆದರಿಕೆಯಾಯಿತು. ಕುದುರೆ ನೇರ ಹಳ್ಳಕ್ಕೇ ಹಾರಿತು. "ಕುದುರೆಯದೇನು ತಪ್ಪು ಅಜ್ಜಿ?" ಎಂದು ನಾನು ಅಳುತ್ತಿದ್ದೆ. ಅವಳು ಕಾಫಿ ಊದುತ್ತಿದ್ದಳು.

ಅದು ನೆನಪಾದದ್ದು ಅಜ್ಜನ ಕೈ ನೋಡಿದಾಗ. ವಾಷರ್ ಒಳಗೆ ಇಳಿಯದೆ ಪಂಪಿನ ಬಾಯಿಗೆ ಟಿಕಟಿಕ ಬಡಿಯುತ್ತಿತ್ತು.

"ಎಣ್ಣೆ, ಜಾರ್ತದೆ," ಅಂದ.

"ಹೂಂ ಅಜ್ಜ," ಅಂದೆ.

ಈಸ್ಟರಿನ ಹಿಂದಿನ ಶನಿವಾರ ಕಾರಿನ ಬೀಗದಕೈ ನನ್ನ ಮಡಿಲಿಗೆ ಹಾಕಿದ. "ನೀನು ಓಡ್ಸು ಸೆಲಾ. ಎತ್ಲಾಗೆ ಎಳೀತದೆ ಅಂತ ನಾನು ಹೊರಗೆ ನಿಂತು ನೋಡ್ತೀನಿ."

ಮನೆ ಹಿಂದಿನ ಮಣ್ಣುದಾರಿಯಲ್ಲಿ ಹೊರಟೆ. ಚಕ್ರ ಹಗುರವಾಗಿತ್ತು, ಹಗ್ಗದ ಮೇಲೆ ನಡೆದಂತೆ ಎಚ್ಚರ ಬೇಕಿತ್ತು. ಆದರೆ ಕಾರು ನೆಟ್ಟಗೆ ಹೋಯಿತು. ನೂಲು ಹಿಡಿದಷ್ಟು ನೆಟ್ಟಗೆ. ಕನ್ನಡಿಯಲ್ಲಿ ಅಜ್ಜ ಟೋಪಿ ತೆಗೆದು ನಿಂತಿದ್ದ. ತಪ್ಪು ಕಾರಿನದಾಗಿರಲಿಲ್ಲ. ಮರಳಿ ಬರುವಾಗ ಚಕ್ರವನ್ನು ಬೇಕೆಂದೇ ಅತ್ತಿತ್ತ ತಿರುವಿದೆ.

"ನೋಡಿದ್ಯಾ ಅಜ್ಜ? ನನ್ನ ಕೈಲೂ ನಿಲ್ಲಲ್ಲ ಇದು. ದರಿದ್ರದ್ದು!"

ಅಜ್ಜ ಟೈರಿನ ಗುರುತುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಹೋಗ್ತಾ ಗೆರೆ ಎಳೆದಿದ್ದೀಯ. ಬರ್ತಾ ಹಾವು ಬರೆದಿದ್ದೀಯ," ಅಂದ. "ನನ್ನ ಗೆರೆ ಹಂಗಿರಲ್ಲ ಮಗಾ. ನಂದು ಸಣ್ಣದು, ಹೊಲಿಗೆ ಥರ."

ಅಜ್ಜ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಎಣ್ಣೆಯೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದ.

ಭಾನುವಾರ ಮುಂದಿನ ಕಾರನ್ನು ನಾನು ಓಡಿಸಿದೆ, ಅಜ್ಜ ಪಕ್ಕದಲ್ಲಿ ಕೂತ. ಉಬಾಲ್ದೋ ತನ್ನ ಕಾರು ಪಕ್ಕಕ್ಕೆ ತಂದು ಕೂಗಿದ: "ಏನೋ ಸಾಹುಕಾರ, ಡ್ರೈವರ್ ಇಟ್ಕೊಂಡ್ಯಾ?"

"ಹೂಂ ಕಣೋ. ಬರೀ ಊಟ ಹಾಕ್ತೀನಿ, ಸಂಬಳ ಇಲ್ಲ."

ಕಿಟಕಿಯ ಮೇಲಿಟ್ಟಿದ್ದ ಅಜ್ಜನ ಕೈ ತನ್ನಷ್ಟಕ್ಕೆ ಅದುರುತ್ತಿತ್ತು. ರಸ್ತೆಬದಿಯ ಹೆಂಗಸೊಬ್ಬಳು ತನಗೇ ಕೈ ಬೀಸಿದನೆಂದುಕೊಂಡು ತಾನೂ ಬೀಸಿದಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಮಕ್ಕಳು. ಅಜ್ಜ ಕೈಯನ್ನು ಒಳಗೆಳೆದುಕೊಳ್ಳಲು ಹೋಗಿ, ಹಾಗೇ ಬಿಟ್ಟ.

ನಾನು ಬಾವಿಯ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಹೇಳಿದ ಮಾತು ಕೇಳುತ್ತ ಕಾರು ನೆಟ್ಟಗೆ ಹೋಗುತ್ತಿತ್ತು.