ಆಯ್ತು ಎಂಬ ಬಾಣ

ಬಾಗಲಗುಂಟೆಯ ಬ್ರೆಡ್ ಕಾರ್ಖಾನೆಯೊಂದರ ಕೆಲಸಗಳನ್ನೆಲ್ಲ ಚೌಕ, ಬಾಣಗಳ ನಕ್ಷೆಯಾಗಿ ಬರೆದುಕೊಡುವುದು ನನ್ನ ಉದ್ಯೋಗ. ಯಾರು ರಜೆ ಹಾಕಿದರೂ ನಕ್ಷೆ ನೋಡಿ ಇನ್ನೊಬ್ಬರು ಕೆಲಸ ನಡೆಸಬೇಕು. ಹಿಟ್ಟು ಕಲಸುವ ದೊಡ್ಡ ಯಂತ್ರದೊಳಗೆ ಇಳಿದು ತೊಳೆಯುವವರು ನಜೀರ್. ತೊಳೆದು ಮುಗಿಯಿತೆಂದು ಗೊತ್ತಾಗುವುದು ಹೇಗೆ ಎಂದು ಎಲ್ಲರನ್ನೂ ಕೇಳಿದ್ದೆ.

"ಆಯ್ತು ಅಂತಾರಲ್ಲ ಮೇಡಂ," ಅಂದಿದ್ದರು.

ಹಾಗೇ ಬರೆದೆ. ನಜೀರ್ 'ಆಯ್ತು' ಎಂದರೆ ಬಾಣ ಮುಂದಿನ ಚೌಕಕ್ಕೆ: ಯಂತ್ರ ಚಾಲೂ.

ಇವತ್ತು ನಕ್ಷೆಯ ಮೊದಲ ಪರೀಕ್ಷೆ. ಮೇಲಿನ ಗಾಜಿನ ಕೋಣೆಯಲ್ಲಿ, ಸ್ವಿಚ್ಚುಗಳ ಮುಂದೆ, ಹೊಸಬ ಮುನೀಂದ್ರ ವಾಕಿಟಾಕಿ ಹಿಡಿದು ಕೂತಿದ್ದ.

"ಹೆಣ್ಣು ನೋಡಕ್ಕೆ ಹೋದಾಗ್ಲೂ ಕೈ ಇಷ್ಟು ಬೆವತಿರ್ಲಿಲ್ಲ ಮೇಡಂ."

ಕೆಳಗೆ ನಜೀರ್ ತಲೆ ಯಂತ್ರದೊಳಗೆ ಮರೆಯಾಯಿತು. ಅವರು ಮಾತಾಡಿದರೆ ತಾನೇ ಚಾಲೂ ಆಗುವ ಇನ್ನೊಂದು ವಾಕಿಟಾಕಿ ಅವರ ಕೊರಳಲ್ಲಿತ್ತು. ಮಾಲೀಕ ಚಿಕ್ಕಬೈರಪ್ಪ ಬಂದು ಅದರ ಬಾಯಿಗೆ ಬಗ್ಗಿದರು. ಮಾತು ಗಾಜು ದಾಟಲಿಲ್ಲ. ಅವರ ಬೆರಳು ಮಾತ್ರ ಒಳಗಿನ ಒಂದು ಮೂಲೆಯನ್ನು ತೋರಿಸುತ್ತಿತ್ತು.

ವಾಕಿಟಾಕಿ ಗುರುಗುಟ್ಟಿತು. "ಆಯ್ತು, ಆಯ್ತು."

ಮುನೀಂದ್ರ ನಕ್ಷೆಯ ಮುಂದಿನ ಚೌಕ ಓದಿದ. ಕೀಲಿ ತಿರುಗಿಸಿದ. ಹಸಿರು ದೀಪ ಹತ್ತಿತು. ಇನ್ನು ಗುಂಡಿ ಒತ್ತುವುದೊಂದೇ.

ನನ್ನ ಗಂಡ ತೀರಿಕೊಂಡ ದಿನ, ಆಪರೇಷನ್ ಕೊಠಡಿಯ ಹೊರಗೆ, ಡಾಕ್ಟರ ಜೊತೆ ಮಾತಾಡಿ ಬಂದ ಮೈದುನನನ್ನು "ಆಯ್ತಾ?" ಎಂದು ಕೇಳಿದ್ದೆ. "ಆಯ್ತು ಅತ್ತಿಗೆ," ಅಂದಿದ್ದ. ನಾನು ಫ್ಲಾಸ್ಕ್ ಹಿಡಿದು ಕಾಫಿ ತರಲು ಹೋಗಿದ್ದೆ.

ಕೀಲಿ ಕಿತ್ತುಕೊಂಡೆ. ದೀಪ ಆರಿತು.

"ಏನ್ ಮೇಡಂ! ನೀವೇ ಬರ್ದಿದ್ದಲ್ವಾ?"

"ಒಳಗೇ ಇದಾರೆ."

ಅವನು ಗಾಜಿಗೆ ಮುಖ ಒತ್ತಿದ. ಯಂತ್ರದ ಬಾಯಿಯಿಂದ ಸಲಾಕೆ ಹಿಡಿದ ಕೈಯೊಂದು ಮೇಲೆದ್ದು ಮತ್ತೆ ಒಳಗಿಳಿಯಿತು. ಮುನೀಂದ್ರ ಗುಂಡಿಯಿಂದ ದೂರ ಸರಿದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ನಾನು ಕೆಳಗೆ ಓಡಿದೆ.

"ಯಾಕಮ್ಮಾ, ಇಂಗ್ ಓಡ್ಬತ್ತಿದ್ದೀ?" ಅಂದರು ಚಿಕ್ಕಬೈರಪ್ಪ. "ಮೂಲೇಲಿ ಹಿಟ್ಟು ಅಂಟ್ಕಂಡೈತೆ, ಕೆರಿ ಅಂದೆ. ಆಯ್ತು ಅಂದ, ಅಷ್ಟೆ."

ಗಡ್ಡಕ್ಕೆಲ್ಲ ಹಿಟ್ಟು ಮೆತ್ತಿಕೊಂಡು ನಜೀರ್ ಇಣುಕಿದರು. ಕೀಲಿಯನ್ನು ಅವರ ಕೈಗಿಟ್ಟೆ.

"ಇದು ನಂಗ್ಯಾಕೆ ಮೇಡಂ?"

"ಜೇಬಲ್ಲಿಟ್ಕೊಳ್ಳಿ. ಹೊರಗೆ ಬಂದ್ಮೇಲೆ ನೀವೇ ಮೇಲೆ ತಂದ್ಕೊಡಿ."

"ನಕ್ಷೇಲಿ ಇಲ್ವಲ್ಲಮ್ಮಾ ಅದು?" ಅಂದರು ಚಿಕ್ಕಬೈರಪ್ಪ.

"ಬರೀತೀನಿ."

ನಜೀರ್ ಕೀಲಿಯನ್ನು ಜೇಬಿಗಿಳಿಸಿ, ಮೂಲೆ ಕೆರೆಯಲು ಮತ್ತೆ ಬಗ್ಗಿದರು. ಅವರ ಎರಡೂ ಕಾಲು ನೆಲಕ್ಕೆ ಬರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.